ತುಮಕೂರಿನಲ್ಲಿ ಟೆನಿಸ್ ಕ್ಲಬ್ ಸೇರುವವರಿಗೆ: ಮೊದಲು ನಾಲ್ಕು ಜನ, ಆಮೇಲೆ ಕೋರ್ಟು

ಕ್ರೀಡಾ ಸಾಮಾನಿನ ಅಂಗಡಿಗೆ ಹೋಗಿ ‘ಟೆನಿಸ್ ಬಾಲ್ ಕೊಡಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಗಲ್ಲಿ ಕ್ರಿಕೆಟ್ಟಿನ ಚೆಂಡು. ಬಿಡಿಯಾಗಿ ಮಾರುವ, ದಪ್ಪ ರಬ್ಬರಿನ ಆ ಚೆಂಡಿನಲ್ಲಿ ಟೆನಿಸ್ ಕಲಿಯಲು ಹೊರಟವರ ಮೊಣಕೈ ಬೇಗ ನೋಯತೊಡಗುತ್ತದೆ. ಟೆನಿಸ್ಸಿನ ಚೆಂಡು ಬರುವುದು ಮೂರು ಚೆಂಡಿನ ಡಬ್ಬಿಯಲ್ಲಿ. ಮುಚ್ಚಳ ಕಿತ್ತಾಗ ‘ಸುಯ್’ ಅಂತ ಗಾಳಿ ಹೊರಬರಬೇಕು, ಬರದಿದ್ದರೆ ಡಬ್ಬಿ ಹಳೆಯದು, ವಾಪಸ್ ಕೊಡಿ. ಅಂಗಡಿಯಲ್ಲಿ ‘ಲಾನ್ ಟೆನಿಸ್ ಬಾಲ್, ಡಬ್ಬಿಯಲ್ಲಿರೋದು’ ಅಂತ ಬಿಡಿಸಿ ಕೇಳಿದರೆ ಗೊಂದಲವಿಲ್ಲ.

ಆದರೆ ಅಂಗಡಿಗೆ ಹೋಗುವುದು ಕೊನೆಯ ಕೆಲಸ. ಹೊಸಬರು ಮಾಡುವ ದೊಡ್ಡ ತಪ್ಪು ಚೆಂಡಿನದಲ್ಲ, ಕ್ರಮದ್ದು. ಮೊದಲು ರ್ಯಾಕೆಟ್ ಕೊಳ್ಳುತ್ತಾರೆ, ಆಮೇಲೆ ವರ್ಷದ ಹಣ ಒಟ್ಟಿಗೆ ಕಟ್ಟುತ್ತಾರೆ, ಅದಾದ ಮೇಲೆ ಜೊತೆಗೆ ಆಡಲು ಯಾರಿದ್ದಾರೆ ಅಂತ ಹುಡುಕುತ್ತಾರೆ. ಟೆನಿಸ್ ಒಬ್ಬರೇ ಆಡುವ ಆಟವಲ್ಲ. ನೀವು ಬರುವ ಹೊತ್ತಿಗೇ ಬರುವ, ನಿಮ್ಮ ಆಟಕ್ಕೆ ಹತ್ತಿರದ ಆಟ ಇರುವ ಇನ್ನು ಮೂವರು ಸಿಕ್ಕರೆ ಹಳೇ ಕೋರ್ಟಿನಲ್ಲೂ ವರ್ಷಗಟ್ಟಲೆ ಆಡುತ್ತೀರಿ. ಸಿಗದಿದ್ದರೆ ಹೊಸ ಸಿಂಥೆಟಿಕ್ ಕೋರ್ಟಿದ್ದರೂ ಎರಡನೇ ತಿಂಗಳಿಗೆ ರ್ಯಾಕೆಟ್ ಅಟ್ಟ ಸೇರುತ್ತದೆ.

ಎಲ್ಲಿ ಕೇಳಬೇಕು

ನಮ್ಮಂಥ ಜಿಲ್ಲಾ ಕೇಂದ್ರಗಳಲ್ಲಿ ಟೆನಿಸ್ ಆಡುವ ಜಾಗ ಮೂರ್ನಾಲ್ಕು ಬಗೆಯವು: ಸದಸ್ಯತ್ವದ ಕ್ಲಬ್ಬು, ಸರ್ಕಾರಿ ಕ್ರೀಡಾಂಗಣ, ಕಾಲೇಜಿನ ಕ್ಯಾಂಪಸ್ಸು, ಖಾಸಗಿ ತರಬೇತಿ ಕೇಂದ್ರ. ಸರ್ಕಾರಿ ಕೋರ್ಟುಗಳ ವಿಚಾರ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ತಿಳಿಯುತ್ತದೆ. ಕಾಲೇಜಿನ ಕೋರ್ಟಿಗೆ ಹೊರಗಿನವರು ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು ಅನುಮತಿ ಪಡೆಯಬೇಕು. ಕ್ಲಬ್ಬಾದರೆ ಸಾಮಾನ್ಯವಾಗಿ ಹಳೇ ಸದಸ್ಯರಿಬ್ಬರು, ಅಂದರೆ ಸೂಚಕರೊಬ್ಬರು, ಅನುಮೋದಕರೊಬ್ಬರು, ಅರ್ಜಿಗೆ ಸಹಿ ಹಾಕಬೇಕಾಗುತ್ತದೆ. ಪರಿಚಯದವರಿಲ್ಲ ಅಂತ ಹಿಂಜರಿಯಬೇಡಿ. ಎರಡು ವಾರ ಹೋಗಿ ಆಟ ನೋಡುತ್ತಾ ಕೂತವರಿಗೆ ಸಹಿ ಹಾಕುವವರು ತಾವಾಗೇ ಸಿಗುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಗೊತ್ತಿರುವವರು ಮಾರ್ಕರ್. ಕೋರ್ಟಿಗೆ ನೀರು ಹಾಕಿ, ನೆಟ್ ಕಟ್ಟಿ, ಆಟಗಾರರು ಕಡಿಮೆಯಾದ ದಿನ ತಾವೇ ಜೊತೆಗೆ ಆಡುವವರು ಅವರು. ‘ಅಣ್ಣ, ಈಗ ಕಲೀತಿರೋರು ಯಾವ ಹೊತ್ತಿಗೆ ಬರ್ತಾರೆ?’ ಅಂತ ಒಂದೇ ಮಾತು ಕೇಳಿ. ಕಚೇರಿಯ ಬೋರ್ಡಿನಲ್ಲಿ ಇಲ್ಲದ ಸಂಗತಿಯೆಲ್ಲ ಹೊರಬರುತ್ತದೆ.

ಹಣ ಕಟ್ಟುವ ಮೊದಲು ಮೂರು ಸಲ ಹೋಗಿ

ಒಮ್ಮೆ ವಾರದ ದಿನ ಬೆಳಿಗ್ಗೆ 6ಕ್ಕೆ, ಒಮ್ಮೆ ಸಂಜೆ 5ರ ಮೇಲೆ, ಒಮ್ಮೆ ಭಾನುವಾರ. ಮೂರೂ ಬೇರೆ ಬೇರೆ ಗುಂಪು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ಇದು ಇನ್ನೂ ಮುಖ್ಯ. ಕೆಲಸದ ದಿನ ಬೆಳಗಿನ ಆಟವೂ ಆಗುವುದಿಲ್ಲ, ಸಂಜೆಯದೂ ಆಗುವುದಿಲ್ಲ. ಅಂಥವರಿಗೆ ಶನಿವಾರ, ಭಾನುವಾರದ ಗುಂಪೇ ಗತಿ, ಇಲ್ಲವೇ ರಾತ್ರಿ 8ರ ಮೇಲೂ ದೀಪ ಉರಿಯುವ ಕೋರ್ಟು.

ಹೋದಾಗ ಗಮನಿಸಬೇಕಾದ್ದು ಟ್ರೋಫಿ, ಫೋಟೊಗಳನ್ನಲ್ಲ. ಬೆಂಚಿನ ಮೇಲೆ ಕಾಯುತ್ತಿರುವವರನ್ನು ನೋಡಿ. ಎಂಟು ಜನ ಇದ್ದು ಕೋರ್ಟು ಒಂದೇ ಆದರೆ ಸರದಿ ಹೇಗೆ ನಡೆಯುತ್ತದೆ? ಚೆನ್ನಾಗಿ ನಡೆಯುವ ಗುಂಪಿನಲ್ಲಿ ನಾಲ್ಕು ಗೇಮಿಗೆ ಜೋಡಿ ಬದಲಾಗುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಗೇಮ್ ಸರ್ವ್ ಮಾಡಲು ಸಿಗುತ್ತದೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಮುಂದಿನವರು ಒಳಗೆ. ಗೆದ್ದವರೇ ಕೋರ್ಟಿನಲ್ಲಿ ಉಳಿಯುವ ಪದ್ಧತಿ ಇದ್ದರೆ ಕಲಿಯುವವರು ದಿನಕ್ಕೆ ಹತ್ತು ನಿಮಿಷ ಆಡಿ ಐವತ್ತು ನಿಮಿಷ ಕೂರುತ್ತಾರೆ. ‘ಎಲ್ಲರಿಗೂ ಸ್ವಾಗತ’ ಅನ್ನುವ ಕ್ಲಬ್ಬು ನಿಜವಾಗಿ ಎಲ್ಲರದ್ದೋ ಅಲ್ಲವೋ ಅನ್ನುವುದು ಈ ಒಂದು ಪದ್ಧತಿಯಲ್ಲಿ ಗೊತ್ತಾಗುತ್ತದೆ.

ಚೆಂಡು ತಪ್ಪಿಸಿದವರಿಗೆ ಜೊತೆಗಾರರು ಏನನ್ನುತ್ತಾರೆ ಅನ್ನುವುದನ್ನೂ ಕೇಳಿಸಿಕೊಳ್ಳಿ. ಬಲವಾಗಿ ಆಡುವವರು ಹೊಸಬರ ಕಡೆಗೇ ನೆಟ್ ಹತ್ತಿರದಿಂದ ಜೋರಾಗಿ ಬಾರಿಸುತ್ತಿದ್ದರೆ ಆ ಹೊತ್ತಿನ ಗುಂಪು ನಿಮಗಲ್ಲ.

ಹೆಣ್ಣುಮಕ್ಕಳು ಒಂದೆರಡು ವಿಷಯ ಹೆಚ್ಚಾಗಿ ನೋಡಬೇಕು: ಶೌಚಾಲಯ ಇದೆಯೇ, ಇದ್ದರೆ ಬೆಳಿಗ್ಗೆ 6ಕ್ಕೆ ಅದರ ಬೀಗ ತೆಗೆದಿರುತ್ತದೆಯೇ, ಗೇಟಿನಿಂದ ಕೋರ್ಟಿನವರೆಗೆ ಬೆಳಕಿದೆಯೇ. ಇಬ್ಬರು ಮೂವರು ಗೆಳತಿಯರು ಒಟ್ಟಿಗೆ ಹೋಗಿ ‘ವಾರಕ್ಕೆ ಮೂರು ದಿನ ಈ ಹೊತ್ತು ನಮಗೆ ಬೇಕು’ ಅಂತ ಕೇಳಿದರೆ ಒಬ್ಬರೇ ಕೇಳಿದ್ದಕ್ಕಿಂತ ಬೇಗ ಕೆಲಸ ಆಗುತ್ತದೆ.

ಕೋರ್ಟನ್ನು ಅಳೆಯುವುದು

ಕೋರ್ಟಿನ ಉದ್ದ 23.77 ಮೀಟರ್. ಅಗಲ ಸಿಂಗಲ್ಸ್‌ಗೆ 8.23, ಡಬಲ್ಸ್‌ಗೆ 10.97. ಗೆರೆಗಳು ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ, ತಪ್ಪುವುದು ಗೆರೆಯ ಆಚಿನ ಜಾಗ. ಬೇಸ್‌ಲೈನಿನಿಂದ, ಅಂದರೆ ಕೋರ್ಟಿನ ಹಿಂದಿನ ಕೊನೆಯ ಗೆರೆಯಿಂದ, ಬೇಲಿಗೆ ಕಡೇಪಕ್ಷ ಐದೂವರೆ ಮೀಟರ್, ಪಕ್ಕದಲ್ಲಿ ಮೂರು ಮೀಟರ್ ಇರಬೇಕು. ದೊಡ್ಡ ಹೆಜ್ಜೆ ಹಾಕಿ ಅಳೆದರೂ ಸಾಕು. ಕಡಿಮೆಯಿದ್ದರೆ ಎತ್ತರ ಪುಟಿದ ಚೆಂಡಿಗೆ ಹಿಂದೆ ಸರಿದವರ ಮೊಣಕೈ ತಂತಿಬೇಲಿಗೆ ಬಡಿಯುತ್ತದೆ.

ನೆಟ್ಟಿನ ಎತ್ತರ ನಡುವಿನಲ್ಲಿ 91.4 ಸೆಂಟಿಮೀಟರ್, ಕಂಬದ ಹತ್ತಿರ 1.07 ಮೀಟರ್. ಅಳತೆಪಟ್ಟಿ ಬೇಕಿಲ್ಲ. ಒಂದು ರ್ಯಾಕೆಟ್ಟನ್ನು ನೆಟ್ಟಿನ ನಡುವೆ ನೇರ ನಿಲ್ಲಿಸಿ, ಅದರ ತುದಿಯ ಮೇಲೆ ಇನ್ನೊಂದರ ತಲೆಯನ್ನು ಅಡ್ಡಲಾಗಿ ಇಡಿ. 27 ಇಂಚಿನ ಉದ್ದಕ್ಕೆ ತಲೆಯ ಅಗಲ ಸೇರಿ 36 ಇಂಚಿನ ಆಸುಪಾಸಿಗೆ ಬರುತ್ತದೆ. ನಡುವಿನ ಬಿಳಿ ಪಟ್ಟಿ ಕಿತ್ತುಹೋಗಿ ನೆಟ್ ನಾಲ್ಕು ಬೆರಳು ಎತ್ತರಕ್ಕೆ ನಿಂತ ಕೋರ್ಟುಗಳು ಎಷ್ಟೋ ಇವೆ. ಅಲ್ಲಿ ಕಲಿತವರು ಚೆಂಡನ್ನು ಎತ್ತಿ ಎತ್ತಿ ಹೊಡೆಯುವ ಅಭ್ಯಾಸ ಮಾಡಿಕೊಳ್ಳುತ್ತಾರೆ, ಸರಿಯಾದ ನೆಟ್ಟಿಗೆ ಬಂದಾಗ ಅವರ ಚೆಂಡು ಬೇಸ್‌ಲೈನ್ ದಾಟಿ ಹೋಗುತ್ತದೆ.

ದಿಕ್ಕನ್ನೂ ನೋಡಿ. ಕೋರ್ಟಿನ ಉದ್ದ ಉತ್ತರ-ದಕ್ಷಿಣಕ್ಕಿರಬೇಕು. ಪೂರ್ವ-ಪಶ್ಚಿಮಕ್ಕಿದ್ದರೆ ಬೆಳಗಿನ ಎಳೆಬಿಸಿಲು ಪೂರ್ವಕ್ಕೆ ಮುಖ ಮಾಡಿ ಸರ್ವ್ ಮಾಡುವವರ ಕಣ್ಣಿಗೇ ಹೊಡೆಯುತ್ತದೆ.

ಮಣ್ಣಿನ ಕೋರ್ಟೋ ಕಾಂಕ್ರೀಟೋ? ಐವತ್ತರ ಹತ್ತಿರ ಬಂದವರಿಗೆ, ಮಂಡಿ ಆಗಲೇ ಸದ್ದು ಮಾಡುತ್ತಿರುವವರಿಗೆ ಮಣ್ಣಿನ ಕೋರ್ಟೇ ಸೈ. ಚೆಂಡು ನಿಧಾನವಾಗಿ ಬರುತ್ತದೆ, ಕಾಲು ಸ್ವಲ್ಪ ಜಾರಿ ನಿಲ್ಲುವುದರಿಂದ ಮಂಡಿಗೆ ಪೆಟ್ಟು ಕಡಿಮೆ. ಆದರೆ ಅದಕ್ಕೆ ದಿನಾ ಕೆಲಸವಿದೆ: ನೀರು ಚಿಮುಕಿಸಬೇಕು, ರೋಲರ್ ಎಳೆಯಬೇಕು, ಸುಣ್ಣದ ಗೆರೆ ಹಾಕಬೇಕು. ಆ ಕೆಲಸ ಯಾರು ಮಾಡುತ್ತಾರೆ ಅಂತ ಕೇಳಿ. ‘ಎಲ್ಲರೂ ಸೇರಿ’ ಅನ್ನುವ ಉತ್ತರ ಬಂದರೆ ಮೂರನೇ ಸಲ ಹೋದಾಗ ಕೋರ್ಟು ಹೇಗಿದೆ ಅಂತ ಕಣ್ಣಾರೆ ನೋಡಿ. ಮಳೆ ನಿಂತ ಮೇಲೆ ನಡೆದರೆ ಹೆಜ್ಜೆಗುರುತು ಮೂಡುತ್ತಿದ್ದರೆ ಆ ಹೊತ್ತು ಆಡಬಾರದು. ಒಂದು ಸಂಜೆಯ ಆಸೆಗೆ ಬಿದ್ದ ಗುಳಿ ತಿಂಗಳವರೆಗೂ ಚೆಂಡನ್ನು ದಿಕ್ಕು ತಪ್ಪಿಸುತ್ತದೆ. ಕಾಂಕ್ರೀಟು, ಸಿಂಥೆಟಿಕ್ ಕೋರ್ಟಿಗೆ ಈ ತಾಪತ್ರಯವಿಲ್ಲ. ಡಿಸೆಂಬರ್ ಬೆಳಿಗ್ಗೆಯ ಇಬ್ಬನಿ ಮಾತ್ರ ಅಪಾಯ, ಕಣ್ಣಿಗೆ ಒಣಗಿದಂತೆ ಕಂಡರೂ ಅಂಗೈ ಇಟ್ಟು ನೋಡಿದರೆ ತಣ್ಣಗೆ ಒದ್ದೆಯಿರುತ್ತದೆ.

ಹಣದ ಲೆಕ್ಕ

ಪ್ರವೇಶ ಶುಲ್ಕ ಎಷ್ಟು, ತಿಂಗಳ ಚಂದಾ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ದೀಪದ ಹಣ ಬೇರೆಯೇ, ಮಾರ್ಕರ್‌ಗೆ ತಿಂಗಳಿಗೆ ಏನು ಕೊಡುವ ರೂಢಿ, ಚೆಂಡಿನ ಹಣ ಯಾರದ್ದು, ತರಬೇತಿ ಚಂದಾದೊಳಗೆ ಬರುತ್ತದೆಯೇ, ಮನೆಯವರು ಅದೇ ಸದಸ್ಯತ್ವದಲ್ಲಿ ಆಡಬಹುದೇ, ಬಿಟ್ಟುಹೋದರೆ ಠೇವಣಿ ವಾಪಸ್ಸೇ ಅನ್ನುವುದನ್ನೆಲ್ಲ ಬಾಯಿಬಿಟ್ಟು ಕೇಳಿ, ಕೊಟ್ಟದ್ದಕ್ಕೆಲ್ಲ ರಸೀದಿ ಪಡೆಯಿರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಿದ ಕ್ಲಬ್ಬಿಗೆ ಲಿಖಿತ ನಿಯಮಾವಳಿ ಇರುತ್ತದೆ. ಅದರ ಪ್ರತಿ ಕೇಳಿ ಓದಿಕೊಳ್ಳಿ.

ಎರಡು ಜಾಗಗಳನ್ನು ಹೋಲಿಸಲು ಸುಲಭದ ದಾರಿ ಹೀಗಿದೆ. ಪ್ರವೇಶ ಶುಲ್ಕವನ್ನು 36 ತಿಂಗಳಿಗೆ ಹಂಚಿ, ಚಂದಾ ಕೂಡಿಸಿ, ನೀವು ನಿಜವಾಗಿ ಆಡುವ ದಿನಗಳಿಂದ ಭಾಗಿಸಿ. ಲೆಕ್ಕಕ್ಕೆ ಅಂತ ಪ್ರವೇಶ 18,000 ರೂಪಾಯಿ, ಚಂದಾ 600, ತಿಂಗಳಿಗೆ 12 ದಿನ ಆಟ ಅಂದುಕೊಳ್ಳಿ. 500ಕ್ಕೆ 600 ಸೇರಿ 1,100, ದಿನಕ್ಕೆ ಸುಮಾರು 92 ರೂಪಾಯಿ ಬಿತ್ತು. ಅದೇ ನೀವು ನಾಲ್ಕೇ ದಿನ ಹೋಗುವವರಾದರೆ 275. ಆಗ ಗಂಟೆ ಲೆಕ್ಕದಲ್ಲಿ ಕೋರ್ಟು ಬಾಡಿಗೆ ಹಿಡಿಯುವುದೇ ಲೇಸು. ದಿನಗಳನ್ನು ಎಣಿಸುವಾಗ ಹಬ್ಬ, ಮಳೆ, ಮನೆಗೆ ನೆಂಟರು ಬರುವುದು ಎಲ್ಲ ಕಳೆದೇ ಎಣಿಸಿ. ಮೊದಲ ಮೂರು ತಿಂಗಳು ತಿಂಗಳಿಗಷ್ಟೇ ಕಟ್ಟುವ ಅವಕಾಶವಿದ್ದರೆ ರಿಯಾಯಿತಿಯ ಆಸೆಗೆ ವರ್ಷದ್ದು ಕಟ್ಟಬೇಡಿ.

ಸಾಮಾನು: ಶೂ ಮೊದಲು

ರ್ಯಾಕೆಟ್ಟನ್ನು ಎರಡು ವಾರ ಎರವಲು ಪಡೆಯಬಹುದು, ಶೂ ಆಗುವುದಿಲ್ಲ. ಓಟದ ಶೂ ತಂದವರೇ ಹೆಚ್ಚಾಗಿ ಕಾಲು ಉಳುಕಿಸಿಕೊಳ್ಳುವುದು. ಅದರ ಹಿಮ್ಮಡಿ ಎತ್ತರ, ಮೆತ್ತಗೆ, ನೇರ ಓಡಲು ಮಾಡಿದ್ದು. ಟೆನಿಸ್ಸಿನಲ್ಲಿ ಪಕ್ಕಕ್ಕೆ ನುಗ್ಗಿ ನಿಲ್ಲುವಾಗ ಅದು ಹೊರಗಡೆಗೆ ಮಗುಚುತ್ತದೆ. ಅಡಿ ಚಪ್ಪಟೆಯಾಗಿದ್ದು ಪಕ್ಕಗಳು ಗಟ್ಟಿಯಿರುವ ಕೋರ್ಟ್ ಶೂ ಕೊಳ್ಳಿ. ಮಣ್ಣಿನ ಕೋರ್ಟಿಗಾದರೆ ಅಡಿಯಲ್ಲಿ ಮೀನುಮುಳ್ಳಿನಂಥ ಗೆರೆಗಳಿರಲಿ.

ದೊಡ್ಡವರು ಕಲಿಯಲು ತಕ್ಕ ರ್ಯಾಕೆಟ್: ಉದ್ದ 27 ಇಂಚು, ತಲೆ 100ರಿಂದ 105 ಚದರ ಇಂಚು, ಗಟ್ (ತಲೆಗೆ ಹೆಣೆಯುವ ದಾರ) ಇಲ್ಲದೆ 260ರಿಂದ 285 ಗ್ರಾಂ. ಹಿಡಿಯ ಗಾತ್ರ ನೋಡಲು ಹಿಡಿದ ಕೈಯ ಬೆರಳತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ತೂರಿಸಿ. ಸರಾಗ ಕೂತರೆ ಸರಿ, ಜಾಗ ಮಿಕ್ಕರೆ ಹಿಡಿ ದಪ್ಪ. ಗಟ್ಟಿಂಗ್ ಮಾಡಿಸುವಾಗ ಸಿಂಥೆಟಿಕ್ ಗಟ್ ಕೇಳಿ, ಬಿಗಿ 50 ಪೌಂಡಿನ ಆಸುಪಾಸು ಸಾಕು. ‘ಚಾಂಪಿಯನ್ನರು ಹಾಕೋದು’ ಅಂತ ಪಾಲಿಯೆಸ್ಟರ್ ಗಟ್ಟನ್ನು 58 ಪೌಂಡಿಗೆ ಬಿಗಿಸಿದರೆ ಚೆಂಡಿನ ಪೆಟ್ಟೆಲ್ಲ ಮೊಣಕೈಗೆ ಬರುತ್ತದೆ. ಟೆನಿಸ್ ಎಲ್ಬೋ ಅನ್ನುವ ಮೊಣಕೈ ನೋವಿಗೆ ಇದು, ಸತ್ತ ಚೆಂಡು, ತಡವಾಗಿ ಬೀಸುವುದು, ಈ ಮೂರು ಸೇರಿದರೆ ಬೇರೇನೂ ಬೇಡ.

ಚೆಂಡು ಸತ್ತಿದೆಯೇ ಅಂತ ನೋಡಲು ತಲೆಯೆತ್ತರದಿಂದ ಕಾಂಕ್ರೀಟಿನ ಮೇಲೆ ಬಿಡಿ. ಸೊಂಟದ ಹತ್ತಿರಕ್ಕೆ ಪುಟಿಯಬೇಕು. ತೊಡೆಯ ನಡುವಿಗೇ ನಿಂತರೆ ಮನೆಯ ಹುಡುಗರಿಗೆ ಕ್ರಿಕೆಟ್ಟಿಗೆ ಕೊಟ್ಟುಬಿಡಿ. ನಾಲ್ವರ ಗುಂಪು ವಾರಕ್ಕೆ ಮೂರು ದಿನ ಕಾಂಕ್ರೀಟಿನ ಮೇಲೆ ಆಡಿದರೆ ತಿಂಗಳಿಗೆ ಎರಡು ಮೂರು ಡಬ್ಬಿ ಬೇಕು ಅಂತಿಟ್ಟುಕೊಳ್ಳಿ. ಸರದಿಯಂತೆ ತನ್ನಿ, ಯಾರ ಸರದಿ ಅಂತ ಡಬ್ಬಿಯ ಮೇಲೇ ಹೆಸರು ಬರೆದಿಡಿ. ಗುಂಪು ಒಡೆಯುವುದು ಸೋಲು ಗೆಲುವಿಗಲ್ಲ, ಹೆಚ್ಚಾಗಿ ಚೆಂಡಿನ ಹಣಕ್ಕೆ.

ಮೊದಲ ದಿನ

‘ಈಗ ಕಲೀತಿದ್ದೀನಿ ಸರ್’ ಅಂತ ಮೊದಲೇ ಹೇಳಿಬಿಡಿ. ಎಷ್ಟು ಬರುತ್ತದೆ ಅಂತ ಕೇಳಿದರೆ ‘ಸುಮಾರಾಗಿ’ ಅನ್ನುವ ಉತ್ತರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸರ್ವೀಸ್ ಲೈನಿನಿಂದ ಹತ್ತು ಚೆಂಡು ನಿಲ್ಲಿಸದೆ ಆಡ್ತೀನಿ, ಬೇಸ್‌ಲೈನಿನಿಂದ ಮೂರು ನಾಲ್ಕು’ ಅಂದರೆ ಅವರಿಗೆ ನಿಮ್ಮನ್ನು ಯಾರ ಜೊತೆ ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ.

ಆಟ ಶುರುವಾಗಬೇಕಾದ್ದು ನೆಟ್ಟಿನಿಂದ 6.40 ಮೀಟರ್ ದೂರದ ಸರ್ವೀಸ್ ಲೈನಿನಲ್ಲಿ. ಇಬ್ಬರೂ ಅಲ್ಲೇ ನಿಂತು, ಅರ್ಧ ಬೀಸಿನಲ್ಲಿ, ಚೆಂಡು ಒಮ್ಮೆ ಪುಟಿದ ಮೇಲೆ ಮೆಲ್ಲಗೆ ಆಚೆ ಕಳಿಸುತ್ತಾ ಇಪ್ಪತ್ತು ಎಣಿಸುವವರೆಗೆ ಹಿಂದೆ ಸರಿಯಬೇಡಿ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ 2007ರಲ್ಲಿ ಶುರುಮಾಡಿದ ಕಲಿಕೆಯ ಪದ್ಧತಿಯ ತಿರುಳೂ ಇದೇ: ಸರ್ವ್, ರ್ಯಾಲಿ, ಸ್ಕೋರ್ ಮೂರೂ ಮೊದಲ ದಿನದಿಂದಲೇ ನಡೆಯಲಿ, ಅದಕ್ಕೆ ತಕ್ಕಂತೆ ಕೋರ್ಟು ಚಿಕ್ಕದಾಗಲಿ, ಚೆಂಡು ನಿಧಾನವಾಗಲಿ.

ನಮ್ಮ ಕಡೆ ಟೆನಿಸ್ಸಿಗೆ ಬರುವ ಎಷ್ಟೋ ಜನ ಶಟಲ್ ಆಡಿದವರು, ಇಲ್ಲವೇ ಕ್ರಿಕೆಟ್ ಆಡಿದವರು. ಶಟಲ್ ಬ್ಯಾಟು 85 ಗ್ರಾಂ ಇದ್ದರೆ ಗಟ್ ಹಾಕಿದ ಟೆನಿಸ್ ರ್ಯಾಕೆಟ್ 300 ಗ್ರಾಂ. ಶಟಲ್‌ನವರು ಮಣಿಕಟ್ಟು ಒದರಿ ಹೊಡೆದರೆ ಮಣಿಕಟ್ಟೂ ನೋಯುತ್ತದೆ, ಚೆಂಡೂ ನೆಟ್ಟಿಗೆ ಬೀಳುತ್ತದೆ. ಅವರು ಮಣಿಕಟ್ಟನ್ನು ಗಟ್ಟಿ ಹಿಡಿದು ಭುಜ ತಿರುಗಿಸಲು ಕಲಿಯಬೇಕು. ಕ್ರಿಕೆಟ್‌ನವರದು ಬೇರೆ ಕಥೆ. ಚೆಂಡಿನ ಅಡಿಗೆ ರ್ಯಾಕೆಟ್ಟಿನ ಮುಖ ತೆರೆದು ಸಿಕ್ಸರ್ ಎತ್ತುತ್ತಾರೆ. ರ್ಯಾಕೆಟ್ ಚೆಂಡಿಗೆ ತಗುಲುವ ಕ್ಷಣ ಅದರ ಮುಖ ಆಚೆಕಡೆಯ ಬೇಲಿಯನ್ನು ನೋಡುತ್ತಿರಬೇಕು, ಆಕಾಶವನ್ನಲ್ಲ. ಇಬ್ಬರಿಗೂ ಒಂದು ಅನುಕೂಲವಿದೆ: ಶಟಲ್‌ನವರಿಗೆ ವಾಲಿ, ಅಂದರೆ ಪುಟಿಯುವ ಮೊದಲೇ ಚೆಂಡು ಹೊಡೆಯುವುದು, ಬೇಗ ಬರುತ್ತದೆ, ಕ್ರಿಕೆಟ್‌ನವರಿಗೆ ಎರಡು ಕೈಯ ಬ್ಯಾಕ್‌ಹ್ಯಾಂಡ್.

ಸರ್ವ್ ಬರುವುದಿಲ್ಲ ಅಂತ ಆಟಕ್ಕೆ ಇಳಿಯದೆ ಕೂರಬೇಡಿ. ಕೆಳಗಿನಿಂದ ಸರ್ವ್ ಮಾಡುವುದು ನಿಯಮಕ್ಕೆ ಒಪ್ಪಿತವೇ.

ಅಂಪೈರ್ ಇಲ್ಲದ ಆಟದಲ್ಲಿ ನಿಮ್ಮ ಕಡೆ ಬಿದ್ದ ಚೆಂಡಿನ ತೀರ್ಪು ನಿಮ್ಮದು. ಗೆರೆಗೆ ಒಂದಿಷ್ಟು ತಾಗಿದರೂ ಒಳಗೆ. ಸಂದೇಹ ಬಂದರೆ ಎದುರಾಳಿಗೇ ಕೊಡಬೇಕು, ‘ಇನ್ನೊಮ್ಮೆ ಆಡೋಣ’ ಅನ್ನುವುದಲ್ಲ. ಔಟ್ ಅಂತ ತಕ್ಷಣ, ಜೋರಾಗಿ ಹೇಳಿ. ಸರ್ವ್ ಮಾಡುವವರು ಪ್ರತಿ ಪಾಯಿಂಟಿಗೂ ಮುಂಚೆ ತಮ್ಮ ಅಂಕ ಮೊದಲಿಟ್ಟು ಸ್ಕೋರ್ ಕೂಗಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಪಕ್ಕದ ಕೋರ್ಟಿನ ಚೆಂಡು ಒಳಗೆ ಉರುಳಿದರೆ ಆಟ ನಿಲ್ಲಿಸಿ ಮತ್ತೆ ಆಡಿ, ಅದರ ಮೇಲೆ ಕಾಲಿಟ್ಟರೆ ಪಾದ ಮುರಿಯುತ್ತದೆ. ಬೇರೆಯವರ ಕೋರ್ಟಿನ ಹಿಂದೆ ಹಾದುಹೋಗಬೇಕಾದರೆ ಪಾಯಿಂಟ್ ಮುಗಿಯುವವರೆಗೆ ನಿಲ್ಲಿ.

ಬಲ ಹೆಚ್ಚುಕಡಿಮೆ ಇರುವ ನಾಲ್ವರಿದ್ದರೆ ಎಲ್ಲರಿಗಿಂತ ಚೆನ್ನಾಗಿ ಆಡುವವರ ಜೊತೆ ಹೊಸಬರನ್ನು ಹಾಕಿ. ಡ್ಯೂಸ್ (40-40) ಆದಾಗ ಒಂದೇ ಪಾಯಿಂಟಿನಲ್ಲಿ ಗೇಮ್ ಮುಗಿಸಿ, ಕಾಯುವವರಿಗೆ ಅನುಕೂಲ.

ಮಕ್ಕಳು, ಗಾಲಿಕುರ್ಚಿಯ ಆಟಗಾರರು

ಮಕ್ಕಳನ್ನು ಸೇರಿಸುವವರು ಕೋಚ್‌ನ ಹಳೇ ಪದಕಗಳ ಬದಲು ಒಂದು ಮಗುವನ್ನು ಹತ್ತು ನಿಮಿಷ ಗಮನಿಸಿ, ಅದು ಎಷ್ಟು ಚೆಂಡು ಹೊಡೆಯಿತು ಅಂತ ಎಣಿಸಿ. ಹನ್ನೆರಡು ಮಕ್ಕಳು ಸಾಲಲ್ಲಿ ನಿಂತು ಸರದಿ ಬಂದಾಗ ಎರಡೇ ಚೆಂಡು ಹೊಡೆದು ಮತ್ತೆ ಸಾಲಿನ ಹಿಂದಕ್ಕೆ ಹೋಗುವ ತರಗತಿಯಲ್ಲಿ ಕಲಿಯುವುದು ಸಾಲು ನಿಲ್ಲುವುದನ್ನು. ಐದಾರು ವರ್ಷಕ್ಕೆ 21 ಇಂಚಿನ ರ್ಯಾಕೆಟ್, ಏಳೆಂಟಕ್ಕೆ 23, ಒಂಬತ್ತು ಹತ್ತಕ್ಕೆ 25. ಚೆಂಡಿನಲ್ಲೂ ಮೆಟ್ಟಿಲಿದೆ: ಕೆಂಪು ಚೆಂಡು ಸಾಮಾನ್ಯ ಚೆಂಡಿಗಿಂತ ಶೇ. 75ರಷ್ಟು ನಿಧಾನ, ಕಿತ್ತಳೆ ಶೇ. 50, ಹಸಿರು ಶೇ. 25. 2012ರಿಂದ ಅಂತರರಾಷ್ಟ್ರೀಯ ನಿಯಮದಲ್ಲೇ ಹತ್ತು ವರ್ಷದೊಳಗಿನವರ ಸ್ಪರ್ಧೆಗೆ ಹಳದಿ ಚೆಂಡು ಇಲ್ಲ. ಆರರ ಮಗುವಿಗೆ ಹಳದಿ ಚೆಂಡು ಎಸೆಯುವ ಕಡೆ ಚೆಂಡು ತಲೆಯ ಮೇಲೆ ಹಾರುತ್ತದೆ, ಮಗು ರ್ಯಾಕೆಟ್ಟನ್ನು ಕೊಡೆಯ ಹಾಗೆ ಎತ್ತಿ ತಪ್ಪು ಹಿಡಿತ ಕಲಿಯುತ್ತದೆ. ತರಬೇತಿಯ ಹೊತ್ತಿನಲ್ಲಿ ಅಪ್ಪ ಅಮ್ಮ ಕೂತು ನೋಡುವುದನ್ನು ಬೇಡವೆನ್ನುವ ಜಾಗಕ್ಕೆ ಮಕ್ಕಳನ್ನು ಕಳಿಸಬೇಡಿ.

ಗಾಲಿಕುರ್ಚಿಯಲ್ಲಿ ಆಡುವವರಿಗೆ ಚೆಂಡು ಎರಡು ಸಲ ಪುಟಿಯಬಹುದು, ಎರಡನೆಯದು ಗೆರೆಯ ಹೊರಗೆ ಬಿದ್ದರೂ ಸರಿ. ನಿಂತು ಆಡುವವರು ಅವರ ಜೊತೆಗೂ ಎದುರಿಗೂ ಆಡಬಹುದು, ನಿಂತವರಿಗೆ ಒಂದೇ ಪುಟಿತ. ನಿಯಮಪುಸ್ತಕದಲ್ಲೇ ಇರುವ ಮಾತಿದು. ಹಾಗಾಗಿ ಕ್ಲಬ್ಬಿನವರು ‘ನಮ್ಮಲ್ಲಿ ವ್ಯವಸ್ಥೆ ಇಲ್ಲ’ ಅಂದರೆ ಯಾವ ವ್ಯವಸ್ಥೆ ಅಂತ ಕೇಳಿ. ಬೇಕಾದ್ದು ಗಟ್ಟಿ ನೆಲದ ಕೋರ್ಟು, ಕುರ್ಚಿ ಹಿಡಿಸುವಷ್ಟು ಅಗಲದ ಗೇಟು, ಮೆಟ್ಟಿಲಿರುವ ಕಡೆ ಇಳಿಜಾರಿನ ಹಲಗೆ. ಬಹಳ ಕಡೆ ಅಡ್ಡಿಯಾಗುವುದು ಆ ಗೇಟು ಒಂದೇ, ಸೇರುವ ಮೊದಲು ಟೇಪು ಹಿಡಿದು ಅಳೆದುಕೊಳ್ಳಿ.

ನಲವತ್ತು ದಾಟಿದವರು ‘ಇನ್ನೇನು’ ಅನ್ನಬೇಕಿಲ್ಲ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43. ಬಿಪಿ, ಶುಗರ್ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಶುರುಮಾಡಿ, ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳದೆ ಚೆಂಡು ಮುಟ್ಟಬೇಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಆಟ ಮುಗಿದ ಮೇಲೆ, ಮೊದಲಲ್ಲ. ಬೇಸಿಗೆಯಲ್ಲಿ ಒಂದು ಲೀಟರ್ ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಇರಲಿ.

ಯಾವಾಗ ಸೇರಬೇಕು

ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ಶಿಬಿರದ ಮಕ್ಕಳಿಂದ ಕೋರ್ಟು ತುಂಬಿರುತ್ತದೆ, ದೊಡ್ಡವರಿಗೆ ಜಾಗ ಕಡಿಮೆ. ಆಷಾಢದ ಗಾಳಿಯಲ್ಲಿ ಸರ್ವ್‌ಗೆ ಎತ್ತಿದ ಚೆಂಡು ಎಲ್ಲಿಗೋ ಹೋಗುತ್ತದೆ. ಆಗ ಚೆಂಡನ್ನು ತಗ್ಗಾಗಿ ಎಸೆದು, ಗಾಳಿಗೆ ಎದುರಾಗಿ ನಿಂತಾಗ ಬಲವಾಗಿಯೂ ಗಾಳಿ ಬೆನ್ನಿಗಿದ್ದಾಗ ಮೆಲ್ಲಗೂ ಹೊಡೆಯಬೇಕು. ಹೊಸಬರಿಗೆ ಇದು ಕಷ್ಟ. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಭಾಗಕ್ಕೆ ಮಳೆ ಹೆಚ್ಚು, ಮಣ್ಣಿನ ಕೋರ್ಟು ವಾರಗಟ್ಟಲೆ ಮುಚ್ಚಿರಬಹುದು. ಮಳೆಯ ತಿಂಗಳ ಚಂದಾ ಮುಂದಕ್ಕೆ ಹೊಂದಿಸಿಕೊಳ್ಳುತ್ತಾರೆಯೇ ಅಂತ ಕೇಳಿಡಿ. ದೀಪಾವಳಿ ಕಳೆದ ಮೇಲೆ ಸೇರಿದವರಿಗೆ ಶಿವರಾತ್ರಿಯವರೆಗೆ ಬಿಸಿಲೂ ಹಿತ, ನೆಲವೂ ಗಟ್ಟಿ. ಇಬ್ಬನಿ ಆರಲು ಬಿಟ್ಟು, ಬೆಳಿಗ್ಗೆ 6ರ ಬದಲು ಏಳಕ್ಕೆ ಹೋದರೆ ಸಾಕು.